ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ವಿಕಲಚೇತನ ಮಕ್ಕಳು ಶಿಬಿರಕ್ಕೆ ಬಂದಾಗ ಏನು ಬದಲಿಸಬೇಕು?

ಏಪ್ರಿಲ್ ಬಂತೆಂದರೆ ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಎಲ್ಲಿ ನೋಡಿದರೂ ಬೇಸಿಗೆ ಶಿಬಿರ. ಸ್ಕೌಟ್ಸ್ ಮತ್ತು ಗೈಡ್ಸ್‌ನವರದ್ದು, ಸೇವಾದಳದವರದ್ದು, ಮಠದ್ದು, ಓಣಿಯ ತರುಣ ಮಂಡಳದ್ದು. ಅಲ್ಲಿಗೆ ಯಾರೋ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬರುತ್ತಾಳೆ. ಹುಡುಗನಿಗೆ ಕಾಲಿನಲ್ಲಿ ಬಲವಿಲ್ಲ, ಅಥವಾ ಕಿವಿ ಕೇಳಿಸುವುದಿಲ್ಲ, ಅಥವಾ ಹತ್ತು ವರ್ಷವಾದರೂ ಮಾತು ಅಷ್ಟಕ್ಕಷ್ಟೇ. ಶಿಬಿರದವರು ಕೆಟ್ಟವರೇನಲ್ಲ. "ಬರ್ಲಿ ಬಿಡ್ರಿ ಅಕ್ಕಾರ, ಇಲ್ಲೇ ಕುಂತು ನೋಡ್ತಾನ" ಅನ್ನುತ್ತಾರೆ. ಅವನ ಕೈಗೆ ಒಂದು ಸೀಟಿ ಕೊಡುತ್ತಾರೆ, ಇಲ್ಲವೇ ಪಾಯಿಂಟ್ ಬರೆಯುವ ನೋಟ್‌ಬುಕ್ಕು, ಅದೂ ಇಲ್ಲದಿದ್ದರೆ ಎಲ್ಲರ ಚಪ್ಪಲಿ ಕಾಯುವ ಕೆಲಸ. ಕೊನೆಯ ದಿನ ಎಲ್ಲರಿಗಿಂತ ಮೊದಲು ಅವನಿಗೇ ಪ್ರಮಾಣಪತ್ರ, ಅವನಿಗೇ ಜೋರು ಚಪ್ಪಾಳೆ.

ಇದಕ್ಕೆ ನಮ್ಮಲ್ಲಿ ಮೊದಲೇ ಒಂದು ಮಾತಿದೆ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಅಳುವ ಚಿಕ್ಕ ತಮ್ಮನನ್ನು ಆಟಕ್ಕೆ ಸೇರಿಸಿಕೊಂಡು, ಔಟಾದರೂ ಔಟ್ ಅನ್ನದೆ ಬಿಡುತ್ತೇವಲ್ಲ, ಅದೇ. ಮೂರು ವರ್ಷದ ತಮ್ಮನಿಗೆ ಅದು ಸರಿ. ಹದಿಮೂರು ವರ್ಷದ ಹುಡುಗಿ ವೀಲ್‌ಚೇರ್‌ನಲ್ಲಿ ಕೂತಿದ್ದಾಳೆ ಅನ್ನುವ ಒಂದೇ ಕಾರಣಕ್ಕೆ ಅವಳಿಗೂ ಹಾಗೇ ಮಾಡಿದರೆ, ಅದು ಅವಳಿಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ, ಉಳಿದ ಮಕ್ಕಳಿಗೂ ಗೊತ್ತಾಗುತ್ತದೆ, ಗೊತ್ತಾಗದೆ ಇರುವುದು ಚಪ್ಪಾಳೆ ತಟ್ಟುವ ದೊಡ್ಡವರಿಗೆ ಮಾತ್ರ. ಔಟ್ ಆಗಲು ಸಾಧ್ಯವೇ ಇಲ್ಲದ ಮಗು ಆಟದಲ್ಲಿಲ್ಲ. ಚಟುವಟಿಕೆಯನ್ನು ಸರಿಯಾಗಿ ಬದಲಿಸಿದ್ದೇವೋ ಇಲ್ಲವೋ ಅಂತ ನೋಡಲು ನಾನು ಬಳಸುವ ಅಳತೆ ಇದು. ಆ ಮಗು ಗೆಲ್ಲಬಹುದಾ? ಸೋಲಬಹುದಾ? ಅದು ಆಡಿದ್ದರಿಂದ ತಂಡದ ಲೆಕ್ಕದಲ್ಲಿ ಏನಾದರೂ ವ್ಯತ್ಯಾಸ ಆಯಿತಾ?

ಕಾನೂನಿನ ಮಾತು ಬೇಗ ಮುಗಿಸೋಣ. 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಸದ್ದು, ಸ್ಪರ್ಶ, ಮಾತನ್ನು ಮಿದುಳು ಬೇರೆ ರೀತಿ ಗ್ರಹಿಸುವ ಆಟಿಸಂ, ಕಲಿಕಾ ನ್ಯೂನತೆ, ಸ್ನಾಯುಗಳು ಸವೆಯುವ ಮಸ್ಕ್ಯುಲರ್ ಡಿಸ್ಟ್ರೊಫಿ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ, ರಕ್ತಕಣಗಳ ಆಕಾರ ಕೆಡುವ ಸಿಕಲ್ ಸೆಲ್ ಎಲ್ಲ ಸೇರಿದವು. ಅಂದರೆ ನಿಮ್ಮ ಶಿಬಿರದಲ್ಲಿ ಈಗಾಗಲೇ ಅಂಥ ಮಗು ಇರಬಹುದು, ನೋಡಿದರೆ ಗೊತ್ತಾಗದೆ ಇರಬಹುದು. ಅತಿಯಾದ ಹೊರೆಯಾಗದ ಹಾಗೆ, ಆ ವ್ಯಕ್ತಿಗೆ ಬೇಕಾದ ಬದಲಾವಣೆ ಮಾಡಿಕೊಡಬೇಕು ಅನ್ನುವುದು ಈ ಕಾಯ್ದೆಯ ಮುಖ್ಯ ವಿಚಾರಗಳಲ್ಲಿ ಒಂದು. ಲಕ್ಷಾಂತರ ಖರ್ಚು ಮಾಡಿ ಅಂತ ಅಲ್ಲ, ನಿಮ್ಮ ಕೈಲಿ ಆಗುವುದನ್ನು ಮಾಡದೆ ಬಿಡಬೇಡಿ ಅಂತ. ವಿಕಲಚೇತನರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ 2006ರ ಒಪ್ಪಂದವನ್ನು ಭಾರತ 2007ರಲ್ಲಿ ಒಪ್ಪಿಕೊಂಡಿದೆ, ಅದರ 30ನೇ ವಿಧಿ ಮಕ್ಕಳ ಆಟ, ಮನರಂಜನೆಯ ಬಗ್ಗೆ ಸ್ಪಷ್ಟವಾಗಿ ಮಾತಾಡುತ್ತದೆ. ಇನ್ನೊಂದು ಮಾತು. ಶೇ. 40ರಷ್ಟು ಅಂಗವೈಕಲ್ಯ ಇದೆ ಅನ್ನುವ ಪ್ರಮಾಣಪತ್ರ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಎಲ್ಲ ಸರ್ಕಾರಿ ಸೌಲಭ್ಯಕ್ಕೆ ಬೇಕು. ಲಗೋರಿ ಆಡಲು ಬೇಡ. ಅದನ್ನು ಕೇಳಬೇಡಿ.

ಮೊದಲ ಪ್ರಶ್ನೆ: ಈ ಆಟ ಯಾಕೆ ಆಡಿಸುತ್ತಿದ್ದೇವೆ?

ಬದಲಾವಣೆ ಅಂದ ಕೂಡಲೇ ಹೆಚ್ಚಿನವರು "ಈ ಹುಡುಗನಿಗೆ ಏನು ಬರಲ್ಲ" ಅಂತ ಪಟ್ಟಿ ಮಾಡಲು ಕೂರುತ್ತಾರೆ. ಅದು ತಲೆಕೆಳಗು. ಮೊದಲು ಆಟದ ತಿರುಳು ಏನು ಅಂತ ನೋಡಬೇಕು. ಲಗೋರಿಯ ತಿರುಳು ಏನು? ಗುರಿ ಇಟ್ಟು ಹೊಡೆಯುವುದು, ತಂಡವಾಗಿ ಕಲ್ಲು ಜೋಡಿಸುವುದು, ಚೆಂಡಿನ ಏಟು ತಪ್ಪಿಸಿಕೊಳ್ಳುವುದು. ಇಷ್ಟೇ ದೂರದಿಂದ ಹೊಡೆಯಬೇಕು, ಏಳು ಕಲ್ಲೇ ಇರಬೇಕು, ಕಲ್ಲು ನೆಲದ ಮೇಲೇ ಇರಬೇಕು ಅನ್ನುವುದೆಲ್ಲ ತಿರುಳಲ್ಲ. ಹಾಗಾದರೆ ಕಲ್ಲನ್ನು ಒಂದು ಸ್ಟೂಲಿನ ಮೇಲೆ ಇಟ್ಟರೆ ಏನಾಯಿತು? ಬಗ್ಗಲು ಆಗದ ಹುಡುಗನೂ ಜೋಡಿಸುತ್ತಾನೆ. ಕಲ್ಲಿನ ಬದಲು ದೊಡ್ಡ ಡಬ್ಬಿಗಳನ್ನು ಇಟ್ಟರೆ ಕೈ ನಡುಗುವ ಹುಡುಗಿಯೂ ಜೋಡಿಸುತ್ತಾಳೆ. ಆಟ ಲಗೋರಿಯಾಗಿಯೇ ಉಳಿಯಿತು, ಅಲ್ವಾ?

ತಿರುಳು ಗೊತ್ತಾದ ಮೇಲೆ ಕೈ ಹಾಕಬಹುದಾದ ಜಾಗಗಳು ನಾಲ್ಕೇ. ಇಂಗ್ಲೆಂಡಿನ ಕ್ರೀಡಾ ತರಬೇತಿಯಲ್ಲಿ ಇದನ್ನು ಸ್ಟೆಪ್ ವಿಧಾನ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಜಾಗ, ಕೆಲಸ, ಸಾಮಾನು, ಜನ. ಎಲ್ಲಿ ಆಡುತ್ತೇವೆ, ಏನು ಮಾಡಬೇಕು, ಯಾವುದರಿಂದ ಆಡುತ್ತೇವೆ, ಯಾರ ಜೊತೆ ಆಡುತ್ತೇವೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಅದು ಬೇರೆಯೇ ಆಟ ಆಗಿಬಿಡುತ್ತದೆ. ಮಗುವಿಗೆ ಯಾವುದು ಅಡ್ಡ ಬರುತ್ತಿದೆಯೋ ಅದೊಂದನ್ನು ಮುಟ್ಟಿ, ಉಳಿದದ್ದನ್ನು ಬಿಡಿ.

ಖೋ ಖೋ ಒಂದನ್ನೇ ಹಿಡಿದು ನೋಡೋಣ

ನಮ್ಮ ಕಡೆ ಖೋ ಖೋ ಇಲ್ಲದ ಶಿಬಿರವೇ ಇಲ್ಲ, ಬದಲಿಸಲು ಅತ್ಯಂತ ಕಷ್ಟ ಅಂತ ಎಲ್ಲರೂ ಕೈ ಬಿಡುವುದೂ ಇದನ್ನೇ. ಆಟ ಗೊತ್ತಲ್ಲ. ಬೆನ್ನಟ್ಟುವ ತಂಡದಲ್ಲಿ ಒಂಬತ್ತು ಜನ, ಎಂಟು ಮಂದಿ ಎರಡು ಕಂಬಗಳ ನಡುವೆ ಒಬ್ಬರು ಈ ಕಡೆ ಇನ್ನೊಬ್ಬರು ಆ ಕಡೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವ ಓಡುತ್ತಾನೆ. ಎದುರಾಳಿಗಳು ಮೂವರು ಮೂವರಾಗಿ ಅಂಕಣಕ್ಕೆ ಇಳಿಯುತ್ತಾರೆ. ಬೆನ್ನಟ್ಟುವವನು ಒಮ್ಮೆ ಹಿಡಿದ ದಿಕ್ಕನ್ನು ಕಂಬ ಸುತ್ತುವವರೆಗೆ ಬದಲಿಸುವಂತಿಲ್ಲ, ನಡುವಿನ ಪಟ್ಟಿ ದಾಟುವಂತಿಲ್ಲ, ಅದಕ್ಕೇ ಕೂತವನ ಬೆನ್ನು ಮುಟ್ಟಿ ಖೋ ಕೊಡುತ್ತಾನೆ.

ವೀಲ್‌ಚೇರ್‌ನ ಹುಡುಗಿ ಬಂದಳು ಅನ್ನಿ. ಮೊದಲ ಅಡ್ಡಿ ಅವಳ ಕಾಲಲ್ಲ, ನಮ್ಮ ನೆಲ. ವಿಜಯಪುರದ ಎರೆಮಣ್ಣು ಒಣಗಿದರೆ ಬಿರುಕು, ಒಂದು ಮಳೆ ಬಿದ್ದರೆ ಗಾಲಿಗೆ ಹತ್ತಿಕೊಂಡು ಬಿಡುವುದೇ ಇಲ್ಲ. ಆದ್ದರಿಂದ ಶಾಲೆಯ ಕಾಂಕ್ರೀಟ್ ಅಂಗಳಕ್ಕೆ ಬನ್ನಿ. ಅಲ್ಲಿ ಬಿದ್ದರೆ ಮೊಣಕಾಲು ಕೆತ್ತಿಹೋಗುತ್ತದೆ, ಹಾಗಾಗಿ ಓಟ ಬೇಡ, ಎಲ್ಲರಿಗೂ ಬಿರುಸಿನ ನಡಿಗೆ ಅಂತ ನಿಯಮ ಮಾಡಿ. ಈ ಒಂದು ನಿಯಮದಿಂದ ಅರ್ಧ ಸಮಸ್ಯೆ ಕರಗುತ್ತದೆ. ಗಾಲಿ ತಿರುಗಿಸಿ ರೂಢಿಯಿರುವ ಹುಡುಗಿ ನಡೆಯುವವರನ್ನು ಆರಾಮವಾಗಿ ಹಿಡಿಯುತ್ತಾಳೆ. ಕೂತವರ ನಡುವಿನ ಅಂತರ ಹೆಚ್ಚಿಸಿ, ಗಾಲಿ ಹೋಗುವಷ್ಟು. ಅವಳು ಬೆನ್ನಟ್ಟುವಾಗ ಬಗ್ಗಿ ಮುಟ್ಟಲು ಆಗದಿದ್ದರೆ ಸುರುಳಿ ಸುತ್ತಿದ ಟವೆಲ್ ಕೈಗೆ ಕೊಡಿ, ಅದು ತಾಗಿದರೆ ಔಟ್. ಅವಳು ತಪ್ಪಿಸಿಕೊಳ್ಳುವ ಸರದಿಯಲ್ಲಿ ಅವಳ ಕುರ್ಚಿ ಮುಟ್ಟಿದರೂ ಔಟ್, ಏಕೆಂದರೆ ಕುರ್ಚಿ ಅವಳ ಮೈಯ ಭಾಗ ಇದ್ದ ಹಾಗೆ. ಇನ್ನು ಕುರ್ಚಿಯ ಹಿಂದೆ ನಿಂತು ತಳ್ಳುವವರು ಯಾರೂ ಬೇಡ, ಅವಳೇ ಕೇಳದ ಹೊರತು. ತಳ್ಳಿಸಿಕೊಂಡರೆ ಆಡುವವನು ತಳ್ಳುವವನೇ ಆಗಿಬಿಡುತ್ತಾನೆ.

ಕಿವಿ ಕೇಳದ ಮಗುವಿಗೆ ಖೋ ಖೋ ಹೆಚ್ಚು ಬದಲಾವಣೆಯನ್ನೇ ಕೇಳುವುದಿಲ್ಲ. ಖೋ ಬೆನ್ನಿಗೆ ಮುಟ್ಟಿ ಕೊಡುವುದೇ ತಾನೇ? ಅಡ್ಡಿ ಇರುವುದು ಸೀಟಿಯಲ್ಲಿ. ಸೀಟಿಯ ಜೊತೆ ಒಂದು ಕೆಂಪು ಬಾವುಟ ಎತ್ತಿ, ಮುಗಿಯಿತು. ನಿಯಮ ಹೇಳುವಾಗ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಡಿ, ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಓದಲು ಆಗುವುದಿಲ್ಲ. ಕೂಗಬೇಡಿ, ಕೂಗಿದರೆ ತುಟಿಯ ಆಕಾರವೂ ಕೆಡುತ್ತದೆ. ಒಮ್ಮೆ ಆಡಿ ತೋರಿಸಿ.

ಕಣ್ಣು ಕಾಣದ ಮಗುವಿಗೆ ಜೊತೆಗಾರ ಬೇಕು. ಪ್ಯಾರಾಲಿಂಪಿಕ್ ಓಟದಲ್ಲಿ ನೋಡಿರಬಹುದು, ಓಟಗಾರ ಮತ್ತು ದಾರಿ ತೋರಿಸುವವನು ಒಂದು ಚಿಕ್ಕ ಹಗ್ಗದ ಎರಡು ತುದಿ ಹಿಡಿದು ಓಡುತ್ತಾರೆ. ಇಲ್ಲಿ ಕರವಸ್ತ್ರ ಸಾಕು. ಜೋಡಿಯಲ್ಲಿ ಇಬ್ಬರಲ್ಲಿ ಯಾರನ್ನು ಮುಟ್ಟಿದರೂ ಔಟ್. ಆದರೆ ಆಟಕ್ಕೆ ಮೊದಲು ಆ ಮಗುವನ್ನು ಅಂಕಣದ ಸುತ್ತ ನಡೆಸಿ, ಕಂಬ ಮುಟ್ಟಿಸಿ, ಎಷ್ಟು ಹೆಜ್ಜೆ ಅಂತ ಎಣಿಸಲು ಬಿಡಿ. ಸುಮ್ನೆ ಕೈ ಹಿಡಿದು ಎಳೆದುಕೊಂಡು ಹೋಗಬೇಡಿ. ಅವರು ನಿಮ್ಮ ಮೊಣಕೈ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ.

ಬುದ್ಧಿ ಬೆಳವಣಿಗೆ ನಿಧಾನವಿರುವ ಮಗುವಿಗೆ ತೊಡಕು ಆ ದಿಕ್ಕಿನ ನಿಯಮ. ಬೇರೆ ಮಕ್ಕಳೂ ಮೊದಲ ವಾರ ಅದನ್ನು ತಪ್ಪುತ್ತಾರೆ, ಇರಲಿ. ಮೊದಲು ದಿಕ್ಕಿನ ನಿಯಮವೇ ಇಲ್ಲದೆ ಆಡಿಸಿ, ಖೋ ಕೊಡುವುದು ರೂಢಿಯಾದ ಮೇಲೆ ನಡುವಿನ ಪಟ್ಟಿಗೆ ರಂಗೋಲಿ ಪುಡಿ ಹಾಕಿ ದಾಟಬಾರದು ಅನ್ನಿ, ದಿಕ್ಕನ್ನು ಕೊನೆಗೆ ಸೇರಿಸಿ. ಒಂದು ಸಲಕ್ಕೆ ಒಂದು ಮಾತು. ಹೇಳಿದ ಮೇಲೆ ಕಾಯಿರಿ. ಉತ್ತರ ಬರಲಿಲ್ಲ ಅಂತ ಎರಡು ಸೆಕೆಂಡಿಗೇ ಮತ್ತೆ ಬೇರೆ ಮಾತಿನಲ್ಲಿ ಹೇಳಿದರೆ ಆ ಮಗುವಿಗೆ ಅದು ಎರಡನೇ ಪ್ರಶ್ನೆ, ಮೊದಲಿನದ್ದನ್ನು ಬಿಟ್ಟು ಇದನ್ನು ಯೋಚಿಸಲು ಶುರು ಮಾಡುತ್ತದೆ.

ಈಗ ನಿಜವಾದ ಗಂಟು. ಕಿವಿ ಕೇಳದ ಹುಡುಗನಿಗೆ ಬೆನ್ನು ಮುಟ್ಟುವುದೇ ಅನುಕೂಲ. ಆಟಿಸಂ ಇರುವ ಹುಡುಗನಿಗೆ ಹಿಂದಿನಿಂದ ಯಾರೋ ತಟ್ಟನೆ ಮುಟ್ಟಿದರೆ ಬೆಂಕಿ ತಾಗಿದಂತೆ ಆಗಬಹುದು, ಅವನು ಚೀರಬಹುದು, ಎದ್ದು ಹೋಗಬಹುದು. ಇಬ್ಬರೂ ಒಂದೇ ತಂಡದಲ್ಲಿ ಕೂತಿದ್ದಾರೆ. ಒಬ್ಬನಿಗೆ ಬೇಕಾದದ್ದು ಇನ್ನೊಬ್ಬನಿಗೆ ಆಗದು, ಇದಕ್ಕೆ ಯಾವ ಕೈಪಿಡಿಯಲ್ಲೂ ಸಿದ್ಧ ಉತ್ತರ ಇರುವುದಿಲ್ಲ. ದಾರಿ ಏನೆಂದರೆ ನಿಯಮ ಎಲ್ಲರಿಗೂ ಒಂದೇ ಇರಬೇಕು ಅನ್ನುವ ಹಟ ಬಿಡುವುದು. ಒಬ್ಬನಿಗೆ ಬೆನ್ನಿಗೆ ಖೋ, ಇನ್ನೊಬ್ಬನಿಗೆ ಅವನ ಮುಂದೆ ನೆಲಕ್ಕೆ ಬಡಿದು ಖೋ. ಯಾರಿಗೆ ಹೇಗೆ ಅಂತ ಆಟಕ್ಕೆ ಮೊದಲು ಎಲ್ಲರಿಗೂ ಹೇಳಿ. ಮಕ್ಕಳು ಇದನ್ನು ನೆನಪಿಟ್ಟುಕೊಳ್ಳುತ್ತಾರಾ ಅಂತ ಅನುಮಾನ ಬೇಡ, ಅರವತ್ತು ಕ್ರಿಕೆಟಿಗರ ಸ್ಕೋರು ತಲೆಯಲ್ಲಿಟ್ಟುಕೊಳ್ಳುವ ಮಕ್ಕಳು ಅವರು.

"ಸರ, ಇದು ಚೀಟಿಂಗ್"

ಈ ಮಾತು ಬಂದೇ ಬರುತ್ತದೆ. ಗದರಿಸಬೇಡಿ. ಮಕ್ಕಳಿಗೆ ನ್ಯಾಯದ ಪ್ರಜ್ಞೆ ಜಾಸ್ತಿ, ಅದು ಒಳ್ಳೆಯದೇ. "ಪಾಪ ಅಂವ, ಅಂವಗ ಬಿಡ್ರಿ" ಅಂತ ಹೇಳಿ ಬಾಯಿ ಮುಚ್ಚಿಸಿದರೆ ಆ ಹುಡುಗ ಮತ್ತೆ ಲೆಕ್ಕಕ್ಕಿಲ್ಲದವನಾಗುತ್ತಾನೆ, ಅದೂ ಎಲ್ಲರ ಎದುರು.

ಬದಲಿಗೆ ನಿಯಮವನ್ನು ಮಕ್ಕಳ ಕೈಗೇ ಕೊಡಿ. ಹತ್ತು ನಿಮಿಷ ಆಡಿಸಿ, ನಿಲ್ಲಿಸಿ, ಕೇಳಿ: ಯಾರಿಗೆ ತೀರಾ ಸುಲಭ ಆಯಿತು, ಯಾರಿಗೆ ಆಗಲೇ ಇಲ್ಲ? ಟವೆಲ್ ಉದ್ದ ಜಾಸ್ತಿಯಾಯಿತು ಅಂತ ಅವರೇ ಹೇಳುತ್ತಾರೆ. ಹಾಗಾದರೆ ಅರ್ಧ ಮಡಚೋಣ. ಆ ಹುಡುಗಿಯನ್ನೂ ಕೇಳಿ, ಅವಳೇ "ಇಷ್ಟು ಉದ್ದ ಬ್ಯಾಡ್ರಿ ಸರ" ಅಂದರೂ ಅಚ್ಚರಿಯಿಲ್ಲ. ಪಂದ್ಯ ಶುರುವಾದ ಮೇಲೆ ಮಾತ್ರ ನಿಯಮ ಬದಲಿಸಬಾರದು. ದೊಡ್ಡವರು ನಡುವೆ ಬಾಯಿ ಹಾಕಿ ಇನ್ನೊಂದು ಚಾನ್ಸ್ ಕೊಡಿಸುವುದೂ ಬೇಡ.

ಬದಲಿಸಿದ ನಿಯಮ ಅಂದರೆ ರಿಯಾಯಿತಿ ಅಂದುಕೊಂಡವರಿಗೆ ಅಂಧರ ಕ್ರಿಕೆಟ್ ತೋರಿಸಬೇಕು. ಒಳಗೆ ಬಾಲ್ ಬೇರಿಂಗ್ ಇರುವ ಗಟ್ಟಿ ಪ್ಲಾಸ್ಟಿಕ್ ಚೆಂಡು, ಉರುಳಿದರೆ ಸದ್ದು. ಕೈಯನ್ನು ಕೆಳಗಿನಿಂದ ಬೀಸಿ ಎಸೆಯುತ್ತಾರೆ. ಬೌಲರ್ ಮೊದಲು "ರೆಡಿ" ಕೇಳಿ, ಬ್ಯಾಟರ್ ಉತ್ತರ ಕೊಟ್ಟ ಮೇಲೆ "ಪ್ಲೇ" ಅಂತ ಕೂಗಿಯೇ ಚೆಂಡು ಬಿಡಬೇಕು. ಪೂರ್ತಿ ದೃಷ್ಟಿಯಿಲ್ಲದವರು ಬಿ1, ಸ್ವಲ್ಪ ಕಾಣುವವರು ಬಿ2, ಬಿ3. ಹನ್ನೊಂದರಲ್ಲಿ ಕನಿಷ್ಠ ನಾಲ್ಕು ಮಂದಿ ಬಿ1 ಇರಲೇಬೇಕು, ಅವರು ಹೊಡೆದ ಓಟ ಎರಡರಷ್ಟು ಲೆಕ್ಕ, ಒಂದು ಪುಟ ಬಿದ್ದ ಚೆಂಡು ಹಿಡಿದರೂ ಅವರದ್ದು ಕ್ಯಾಚ್. ಇದರ ಮೊದಲ ವಿಶ್ವಕಪ್ 1998ರಲ್ಲಿ ದೆಹಲಿಯಲ್ಲಿ ನಡೆಯಿತು, 2012ರ ಟಿ20 ವಿಶ್ವಕಪ್ ಬೆಂಗಳೂರಿನಲ್ಲಿ, ಅದನ್ನು ಗೆದ್ದದ್ದು ಭಾರತ. ಲೆಕ್ಕ ಬದಲಾಯಿತೇ ಹೊರತು ಪೈಪೋಟಿ ಕಡಿಮೆಯಾಗಲಿಲ್ಲ. ಮನೆಮಟ್ಟಿಗೆ ಬೇಕಾದರೆ ಪ್ಲಾಸ್ಟಿಕ್ ಚೆಂಡಿನೊಳಗೆ ಸೈಕಲ್ ಅಂಗಡಿಯ ಛರ್ರೆ ಹಾಕಿ ಮುಚ್ಚಿ, ಅಥವಾ ಬಟ್ಟೆ ಚೆಂಡಿಗೆ ಎತ್ತಿನ ಗೆಜ್ಜೆ ಹೊಲಿಯಿರಿ, ನಮ್ಮ ಸಂತೆಯಲ್ಲಿ ಗೆಜ್ಜೆಗೇನು ಬರವೇ? ಬರ ಇರುವುದು ಮೌನಕ್ಕೆ. ಚೆಂಡಿನ ಸದ್ದು ಕೇಳಬೇಕಾದರೆ ಸುತ್ತ ನಿಂತವರು ಸುಮ್ಮನಿರಬೇಕು, ಅದನ್ನು ಕಲಿಸುವುದೇ ಆಟ ಕಲಿಸುವುದಕ್ಕಿಂತ ಕಷ್ಟ.

ಗೋಲ್‌ಬಾಲ್ ಇನ್ನೂ ಸರಳ. ಮೂವರು ಮೂವರ ಎರಡು ತಂಡ, ಗೆಜ್ಜೆಯ ಚೆಂಡು ಉರುಳಿಸಿ ಎದುರಿನವರ ಗೋಲಿಗೆ ಸೇರಿಸಬೇಕು, ಎಲ್ಲರ ಕಣ್ಣಿಗೂ ಪಟ್ಟಿ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಹುಟ್ಟಿದ ಆಟ ಇದು. ನಿಮ್ಮ ಶಿಬಿರದಲ್ಲಿ ಕಣ್ಣಿರುವ ಮಕ್ಕಳೂ ದುಪಟ್ಟಾ ಕಟ್ಟಿಕೊಂಡು ಆಡಲಿ, ಕಣ್ಣಿಲ್ಲದ ಹುಡುಗ ಅವತ್ತು ಎಲ್ಲರಿಗೂ ಗುರು. ಆದರೆ "ಕುರುಡುತನದ ಅನುಭವ" ಅಂತ ಅರ್ಧ ಗಂಟೆ ಕಣ್ಣು ಕಟ್ಟಿ ಗೋಡೆ ತಡವಿಸುತ್ತಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಅದರಿಂದ ಮಕ್ಕಳು ಕಲಿಯುವುದು ಹೆದರಿಕೆ ಮತ್ತು ಕನಿಕರ ಮಾತ್ರ. ವರ್ಷಗಟ್ಟಲೆ ಅಭ್ಯಾಸದಿಂದ ಬಂದ ಜಾಣ್ಮೆ ಅರ್ಧ ಗಂಟೆಯಲ್ಲಿ ಯಾರಿಗೆ ಸಿಗುತ್ತದೆ?

ಕೈಯಲ್ಲೂ ಬಲವಿಲ್ಲದ ಮಗುವಿಗೆ ಬೋಚಿಯಾ. ಬಿಳಿ ಚೆಂಡಿನ ಹತ್ತಿರಕ್ಕೆ ತಮ್ಮ ಚೆಂಡುಗಳನ್ನು ಸೇರಿಸುವ ಆಟ, ಗೋಲಿ ಆಡಿದವರಿಗೆ ತಕ್ಷಣ ಅರ್ಥವಾಗುತ್ತದೆ. 1984ರಿಂದ ಪ್ಯಾರಾಲಿಂಪಿಕ್‌ನಲ್ಲಿದೆ. ಎಸೆಯಲು ಆಗದವರು ಇಳಿಜಾರಿನ ಮೇಲಿಂದ ಚೆಂಡು ಉರುಳಿಸಬಹುದು, ಜೊತೆಗಾರ ಆಟಗಾರ ಹೇಳಿದ ಕಡೆಗೆ ಇಳಿಜಾರನ್ನು ತಿರುಗಿಸುತ್ತಾನೆ. ಆದರೆ ಅವನು ಅಂಕಣಕ್ಕೆ ಬೆನ್ನು ಹಾಕಿರಬೇಕು, ತಿರುಗಿ ನೋಡುವಂತಿಲ್ಲ. ಎಂಥ ಚೆಂದದ ನಿಯಮ ನೋಡಿ! ಸಹಾಯ ಮಾಡುವವನು ಕೈ ಕೊಡುತ್ತಾನೆ, ತಲೆ ಓಡಿಸುವುದು ಮಾತ್ರ ಆಟಗಾರನೇ. ನಮಗೆ ಇಳಿಜಾರು ಬೇಕಾದರೆ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಆಯಿತು.

ಪ್ರವಾಸ: ಗೋಳಗುಮ್ಮಟ ಹತ್ತಲಾಗದವರು ಏನು ಮಾಡಬೇಕು?

ಶಿಬಿರ ಅಂದಮೇಲೆ ಒಂದು ದಿನ ಪ್ರವಾಸ. ವಿಜಯಪುರದವರಿಗೆ ಗೋಳಗುಮ್ಮಟ ಕಾಲಬುಡದಲ್ಲೇ ಇದೆ. ಪಿಸುಗುಟ್ಟುವ ಗ್ಯಾಲರಿಗೆ ಹೋಗಬೇಕಾದರೆ ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಪಾವಟಿಗೆಗಳನ್ನು ಹತ್ತಬೇಕು, ಏಳು ಅಂತಸ್ತು. ಸಾಮಾನ್ಯವಾಗಿ ಆಗುವುದೇನು? ಎಲ್ಲರೂ ಹತ್ತುತ್ತಾರೆ, ಒಬ್ಬ ಮಾತ್ರ ಕೆಳಗೆ ಬ್ಯಾಗು ಕಾಯುತ್ತಾನೆ. ಅವನಿಗೆ ಬೇಸರವಾಗದಿರಲಿ ಅಂತ ಒಂದು ಐಸ್‌ಕ್ರೀಮ್.

ಇಲ್ಲೂ ಅದೇ ಪ್ರಶ್ನೆ. ಪ್ರವಾಸದ ತಿರುಳು ಪಾವಟಿಗೆ ಹತ್ತುವುದೋ, ಕಟ್ಟಡವನ್ನು ಅರಿಯುವುದೋ? ಅರಿಯುವುದು ಅಂದರೆ ಕೆಳಗಿನ ಸಭಾಂಗಣದಲ್ಲೇ ಬೇಕಾದಷ್ಟಿದೆ. ನಡುವೆ ಒಂದು ಕಂಬವೂ ಇಲ್ಲದೆ ಅಷ್ಟು ದೊಡ್ಡ ಗುಮ್ಮಟ ಹೇಗೆ ನಿಂತಿದೆ, ಒಂದಕ್ಕೊಂದು ಹೆಣೆದ ಕಮಾನುಗಳು ಅದರ ಭಾರವನ್ನು ಹೇಗೆ ಗೋಡೆಗೆ ಇಳಿಸುತ್ತವೆ ಅನ್ನುವುದು ಕಾಣುವುದೇ ಕೆಳಗಿನಿಂದ. ಗುಂಪನ್ನು ಎರಡು ಮಾಡಿ, ಮೇಲಿನ ತಂಡ ಮತ್ತು ಕೆಳಗಿನ ತಂಡ. ಮೇಲಿನವರು ಚಪ್ಪಾಳೆ ತಟ್ಟಲಿ, ಎಷ್ಟು ಸಲ ಮರುದನಿ ಬಂತು ಅಂತ ಇಬ್ಬರೂ ಎಣಿಸಲಿ, ಆಮೇಲೆ ಲೆಕ್ಕ ತಾಳೆ ನೋಡಲಿ. ಕೆಳಗಿನ ತಂಡದಲ್ಲಿ ವೀಲ್‌ಚೇರ್‌ನವನ ಜೊತೆ ಹತ್ತಬಲ್ಲ ಅರ್ಧ ಮಕ್ಕಳೂ ಇರಲಿ, ಸರದಿ ಬದಲಾಗಲಿ, ಅವನು ಮಾತ್ರ ಒಂಟಿಯಾಗಬಾರದು. ಕಣ್ಣಿಲ್ಲದ ಹುಡುಗಿಗೆ ಆ ಮರುದನಿಯೇ ಕಟ್ಟಡದ ಗಾತ್ರ ಹೇಳುತ್ತದೆ. ಕಿವಿ ಕೇಳದವನು ಹೆಜ್ಜೆ ಎಣಿಸಿ ಸಭಾಂಗಣದ ನಕ್ಷೆ ಬರೆಯಲಿ. ಆಟಿಸಂ ಇರುವ ಮಗುವಿಗೆ ಮಾತ್ರ ಅಲ್ಲಿ ಪ್ರವಾಸಿಗರ ಕೂಗಾಟ ನರಕ. ಬೆಳಿಗ್ಗೆ ಜನ ಸೇರುವ ಮೊದಲೇ ಹೋಗಿ, ಹಿಂದಿನ ದಿನ ಫೋಟೊ ತೋರಿಸಿ ಇಲ್ಲಿ ಹೀಗೆ ಸದ್ದಾಗುತ್ತದೆ ಅಂತ ಹೇಳಿ, ಕಿವಿ ಮುಚ್ಚುವ ಹೆಡ್‌ಫೋನ್ ಇರಲಿ, ಸಾಕೆನಿಸಿದಾಗ ತೋರಿಸಲು ಒಂದು ಸನ್ನೆ ಗೊತ್ತು ಮಾಡಿಕೊಳ್ಳಿ. ಸನ್ನೆ ಬಂದ ಕೂಡಲೇ ಹೊರಗಿನ ಹುಲ್ಲುಹಾಸಿಗೆ. ಇನ್ನೈದು ನಿಮಿಷ ಅಂತ ಪುಸಲಾಯಿಸಬೇಡಿ.

ಬಾಗಲಕೋಟೆ ಕಡೆಯವರು ಬಾದಾಮಿಯ ಮೇಣಬಸದಿಗೆ ಹೊರಡುವ ಮುನ್ನ ಯೋಚಿಸಿ. ಗುಹೆಯಿಂದ ಗುಹೆಗೆ ಪಾವಟಿಗೆ, ಸಾಲದ್ದಕ್ಕೆ ಕೈಯಲ್ಲಿದ್ದದ್ದು ಕಸಿಯುವ ಮಂಗಗಳು. ಊರುಗೋಲು ಹಿಡಿದವನಿಗೆ ಮಂಗ ಅಂದರೆ ತಮಾಷೆಯಲ್ಲ. ಹತ್ತಿರದಲ್ಲೇ ಪಟ್ಟದಕಲ್ಲು ಇದೆ, 1987ರಿಂದ ವಿಶ್ವ ಪರಂಪರೆಯ ತಾಣ. ಸಮತಟ್ಟಾದ ಆವರಣದಲ್ಲಿ ಗುಡಿಗಳು ಒಂದರ ಪಕ್ಕ ಒಂದು. ಗುಡಿಯ ಒಳಗೆ ಹೋಗಲು ಮೆಟ್ಟಿಲಿವೆ ನಿಜ, ಆದರೆ ಹೊರಗೋಡೆಯ ಶಿಲ್ಪ ನೋಡುತ್ತಲೇ ಅರ್ಧ ದಿನ ಕಳೆಯಬಹುದು. ಎಲ್ಲಿಗೇ ಹೋದರೂ ಒಬ್ಬರು ಮೊದಲೇ ಹೋಗಿ ಶೌಚಾಲಯ ನೋಡಿ ಬನ್ನಿ. ಬಾಗಿಲು ಎಷ್ಟು ಅಗಲ, ಒಳಗೆ ಗಾಲಿ ತಿರುಗುತ್ತದಾ, ನೀರಿದೆಯಾ. ವಾಹನ ಕ್ರೂಸರ್ ಆದರೆ ಅದರ ಮೆಟ್ಟಿಲು ಎತ್ತರ. ಮಗುವನ್ನು ಎತ್ತಬೇಕಾದರೆ ಹೇಗೆ ಎತ್ತಬೇಕು ಅಂತ ಅದನ್ನೇ, ಅದರ ಅವ್ವನನ್ನೇ ಕೇಳಿ. ಕಂಕುಳಲ್ಲಿ ಕೈ ಹಾಕಿ ಜಗ್ಗಬೇಡಿ.

ಹಾಡು, ಹಲಗಿ, ಗಂಟು

ಇವು ಸುಲಭ. ಬಾಗಲಕೋಟೆಯ ಹೋಳಿ ನೋಡಿದವರಿಗೆ ಹಲಗಿಯ ತಾಕತ್ತು ಗೊತ್ತು. ಕಿವಿ ಕೇಳದ ಮಗು ಹಲಗಿಯ ಅಂಚಿಗೆ ಕೈಯಿಟ್ಟರೆ ತಾಳ ಬೆರಳಿಗೆ ಸಿಗುತ್ತದೆ, ಬಾರಿಸುವವರ ಕೈ ನೋಡಿ ಹೊಂದಿಸಿಕೊಳ್ಳುತ್ತದೆ. ಆದರೆ ಅದೇ ಸದ್ದಿಗೆ ಇನ್ನೊಂದು ಮಗು ಕಿವಿ ಮುಚ್ಚಬಹುದು, ಅದಕ್ಕೆ ದೂರದಲ್ಲಿ ಜಾಗ ಮಾಡಿ. ಬಣ್ಣ, ನೀರಿನ ಆಟ ಇದ್ದರೆ ಶ್ರವಣ ಸಾಧನ ತೆಗೆಸಿ ಡಬ್ಬಿಯಲ್ಲಿಡಿ. ಸ್ಕೌಟ್ಸ್‌ನ ಗಂಟು ಹಾಕುವುದನ್ನು ಕಣ್ಣಿಲ್ಲದ ಮಕ್ಕಳು ಬೆರಳಿನಿಂದಲೇ ಬೇಗ ಕಲಿಯಬಲ್ಲರು. ಒಂದೇ ಕೈ ಇರುವವನಿಗೆ ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿಕೊಡಿ. ನಾಟಕದಲ್ಲಿ ಮಾತು ಬಾರದ ಹುಡುಗನಿಗೆ ಮರದ ಪಾತ್ರ ಕೊಡುವ ಚಾಳಿ ಬಿಡಿ. ಎಲ್ಲರೂ ಸೇರಿ ಮೂಕಾಭಿನಯ ಮಾಡಿದರೆ ರಾಜನೇ ಆಗಬಹುದು.

ದಿನದ ಕಾರ್ಯಕ್ರಮವನ್ನು ಗೋಡೆಗೆ ಚಿತ್ರದಲ್ಲಿ ಅಂಟಿಸಿ: ಪ್ರಾರ್ಥನೆ, ಆಟ, ಉಪ್ಪಿಟ್ಟು, ಹಾಡು, ಮನೆ. ಮುಗಿದದ್ದನ್ನು ತೆಗೆಯುತ್ತಾ ಹೋಗಿ. ಮುಂದೇನು ಅನ್ನುವುದು ಗೊತ್ತಿಲ್ಲದ ಗಾಬರಿಯೇ ಎಷ್ಟೋ ಮಕ್ಕಳ ರಂಪಕ್ಕೆ ಕಾರಣ.

ಇವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ

ನಮ್ಮ ಬಿಸಿಲು. ಮೇ ತಿಂಗಳಲ್ಲಿ 40 ಡಿಗ್ರಿ ನಮಗೆ ಹೊಸದಲ್ಲ. ಬೆನ್ನುಹುರಿಗೆ ಪೆಟ್ಟಾದ ಮಕ್ಕಳಿಗೆ ಪೆಟ್ಟಿನಿಂದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ತಂಪಾಗುವುದಿಲ್ಲ. ಮೂರ್ಛೆ ರೋಗದ ಕೆಲವು ಔಷಧಗಳೂ ಬೆವರು ಕಡಿಮೆ ಮಾಡುತ್ತವೆ. ಕಾಲಿನಲ್ಲಿ ಸ್ಪರ್ಶ ಇಲ್ಲದ ಮಗು ಕಾದ ಪರಸಿಯ ಮೇಲೆ ಕೂತರೆ ಸುಟ್ಟದ್ದು ಅದಕ್ಕೇ ಗೊತ್ತಾಗುವುದಿಲ್ಲ, ಸಂಜೆ ಬೊಕ್ಕೆ ನೋಡಿದ ಮೇಲೆ ಮನೆಯವರಿಗೆ ತಿಳಿಯುತ್ತದೆ. ಹೊರಗಿನ ಆಟ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಇದು ಎಲ್ಲ ಮಕ್ಕಳಿಗೂ ಒಳ್ಳೆಯದು.

ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕತ್ತಿನ ಮೇಲ್ಭಾಗದ ಮೂಳೆಗಳ ಹಿಡಿತ ಸಡಿಲವಾಗಿರುತ್ತದೆ. ಲಾಗ ಹಾಕುವುದು, ತಲೆಕೆಳಗಾಗಿ ನಿಲ್ಲುವುದು ವೈದ್ಯರ ಒಪ್ಪಿಗೆ ಇಲ್ಲದೆ ಬೇಡ. ಹಿಮೋಫಿಲಿಯಾ ಇರುವ ಹುಡುಗ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾನೆ, ಕಬಡ್ಡಿಯ ಒಂದು ಬೀಳು ಸಾಕು ಕೀಲಿನೊಳಗೆ ರಕ್ತ ಸೋರಲು. ಮಸ್ಕ್ಯುಲರ್ ಡಿಸ್ಟ್ರೊಫಿ ಇರುವವನನ್ನು "ಇನ್ನೊಂದ ರೌಂಡ್, ಇನ್ನೊಂದ ರೌಂಡ್" ಅಂತ ಹುರಿದುಂಬಿಸಬಾರದು, ಅವನ ಸ್ನಾಯುವಿಗೆ ಅತಿ ಶ್ರಮ ಹಾನಿ.

ಮಗುವಿಗೆ ಮೂರ್ಛೆ ಬಂದರೆ ಕೈಗೆ ಕೀಲಿ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು, ಇದ್ಯಾವುದೂ ಬೇಡ. ಒಂದು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದು ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್.

ಶೌಚಕ್ಕೆ ಸಹಾಯ ಬೇಕಾದ ಮಕ್ಕಳ ವಿಷಯದಲ್ಲಿ ನಾಚಿಕೆ ಬಿಟ್ಟು ಮೊದಲೇ ಮಾತಾಡಿ. ಯಾರು ಸಹಾಯ ಮಾಡುತ್ತಾರೆ ಅನ್ನುವುದನ್ನು ಮಗು ಮತ್ತು ಮನೆಯವರು ಒಪ್ಪಬೇಕು, ಹುಡುಗಿಗೆ ಹೆಂಗಸರೇ ಇರಬೇಕು, ಇನ್ನೊಬ್ಬ ದೊಡ್ಡವರಿಗೆ ತಿಳಿದಿರಬೇಕು. ಮೈಮುಟ್ಟಿ ಸಹಾಯ ಪಡೆದು ರೂಢಿಯಾದ ಮಕ್ಕಳಿಗೆ ಕೆಟ್ಟ ಸ್ಪರ್ಶವನ್ನು ಹೇಳಿಕೊಳ್ಳುವುದು ಇನ್ನೂ ಕಷ್ಟ, ಅದಕ್ಕೇ ಈ ಎಚ್ಚರ. ಎಷ್ಟೋ ಹುಡುಗಿಯರನ್ನು ಮನೆಯವರು ಶಿಬಿರಕ್ಕೆ ಕಳಿಸದೆ ಇರುವುದು ಆಟಕ್ಕೆ ಹೆದರಿ ಅಲ್ಲ, ಶೌಚಾಲಯಕ್ಕೆ ಹೆದರಿ.

ಜೊತೆಗಾರ ಯಾರು?

ತಮ್ಮನ ಜೊತೆ ಅಕ್ಕನೂ ಶಿಬಿರಕ್ಕೆ ಬಂದರೆ ನಾವೆಲ್ಲ ನಿಟ್ಟುಸಿರು ಬಿಡುತ್ತೇವೆ, ನೋಡಿಕೊಳ್ಳಲು ಜನ ಸಿಕ್ಕಿತು ಅಂತ. ಆ ಅಕ್ಕನಿಗೆ ಹನ್ನೆರಡು ವರ್ಷ. ಮನೆಯಲ್ಲೂ ಅವಳೇ, ಶಾಲೆಯಲ್ಲೂ ಅವಳೇ, ಇಲ್ಲೂ ಅವಳೇ. ಅವಳನ್ನು ಬೇರೆ ತಂಡಕ್ಕೆ ಹಾಕಿ, ಆಡಲಿ. ಜೊತೆಗಾರರನ್ನು ದಿನಾ ಬದಲಿಸಿ, ಒಬ್ಬನೇ ಒಳ್ಳೆಯ ಹುಡುಗನ ತಲೆಗೆ ಕಟ್ಟಬೇಡಿ. ಜೊತೆಗಾರನ ಕೆಲಸ ಏನು ಅಂತಲೂ ಹೇಳಿಕೊಡಬೇಕು: ಕೇಳಿ ಸಹಾಯ ಮಾಡು, ಬೇಡ ಅಂದರೆ ಸುಮ್ಮನಿರು, ಅವನ ಪರವಾಗಿ ನೀನು ಮಾತಾಡಬೇಡ. ದೊಡ್ಡವರಿಗೂ ಇದೇ ಪಾಠ ಬೇಕು. "ಇಂವಗ ಚಹಾ ಬೇಕೇನ್ರಿ?" ಅಂತ ಅವ್ವನನ್ನು ಕೇಳುತ್ತೇವೆ, ಹುಡುಗ ಎದುರಿಗೇ ಇರುತ್ತಾನೆ.

ಮಕ್ಕಳು ಎಲ್ಲಿದ್ದಾರೆ ಅಂತ ಗೊತ್ತಿಲ್ಲ ಅನ್ನುವವರಿಗೆ: ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಅನ್ನುವ ಏರ್ಪಾಡು ಸರ್ಕಾರದ್ದೇ ಇದೆ, ಜನ ಅವರನ್ನು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಅಂತಲೇ ಕರೆಯುವುದು. ಯಾವ ಮನೆಯಲ್ಲಿ ಯಾವ ಮಗು ಇದೆ ಅಂತ ಅವರಿಗೆ ಗೊತ್ತು. ಶಿಕ್ಷಣ ಇಲಾಖೆಯಲ್ಲಿ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಬ್ಲಾಕ್ ಮಟ್ಟದ ಬಿಐಇಆರ್‌ಟಿ ಶಿಕ್ಷಕರಿದ್ದಾರೆ, ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣದ ವಿಷಯ ಅವರಿಂದ ತಿಳಿಯುತ್ತದೆ. ಆ ಮಕ್ಕಳಲ್ಲಿ ಕೆಲವರು ಓರಗೆಯವರ ಜೊತೆ ಒಂದು ಆಟವನ್ನೂ ಆಡಿರುವುದಿಲ್ಲ.

ಮನೆಗೆ ಹೋದಾಗ ಕಾಯಿಲೆಯ ಹೆಸರಿನಿಂದ ಮಾತು ಶುರು ಮಾಡಬೇಡಿ. ಏನು ಇಷ್ಟ, ಏನಾದರೆ ಸಿಟ್ಟು ಬರುತ್ತದೆ, ಬೇಕು ಬೇಡ ಹೇಗೆ ತಿಳಿಸುತ್ತಾನೆ, ಔಷಧ ಯಾವಾಗ, ಶೌಚಕ್ಕೆ ಹೇಗೆ, ಇಷ್ಟು ಕೇಳಿದರೆ ಸಾಕು. ಒಂದೇ ಕಾಯಿಲೆಯ ಇಬ್ಬರು ಮಕ್ಕಳಿಗೆ ಬೇಕಾದದ್ದು ಒಂದೇ ಆಗಿರುವುದಿಲ್ಲ. ಶಿಬಿರಕ್ಕೆ ಎರಡು ವಾರ ಮೊದಲು ಒಂದು ಸಂಜೆ ಮಗುವನ್ನು ಆ ಜಾಗಕ್ಕೆ ಕರೆಸಿ, ಸುಮ್ನೆ ಓಡಾಡಲಿ, ಮೈದಾನ, ಬಾಗಿಲು, ನೀರಿನ ನಲ್ಲಿ ನೋಡಲಿ.

ಇನ್ನು ಪೋಸ್ಟರ್. "ಎಲ್ಲ ಮಕ್ಕಳಿಗೂ ಸ್ವಾಗತ" ಅಂತ ಬರೆದರೆ ಯಾರೂ ನಂಬುವುದಿಲ್ಲ, ಎಲ್ಲರೂ ಹಾಗೇ ಬರೆಯುತ್ತಾರೆ. ಇದ್ದದ್ದನ್ನು ಬರೆಯಿರಿ: ಮೈದಾನ ಮಣ್ಣಿನದು, ಅಂಗಳ ಕಾಂಕ್ರೀಟಿನದು, ಶೌಚಾಲಯಕ್ಕೆ ಎರಡು ಮೆಟ್ಟಿಲಿವೆ, ಹಲಗೆ ಹಾಕುತ್ತೇವೆ, ನಿಮ್ಮ ಮಗುವಿಗೆ ಬೇರೆ ಏನು ಬೇಕು ಅಂತ ಈ ನಂಬರಿಗೆ ಫೋನ್ ಮಾಡಿ ಹೇಳಿ. ಫೋನ್ ಎತ್ತುವವರಿಗೂ ಮೊದಲೇ ಹೇಳಿಟ್ಟಿರಿ, "ಸರ್‌ನ ಕೇಳಿ ಹೇಳ್ತೀನ್ರಿ" ಅನ್ನುವ ಉತ್ತರ ಕೇಳಿ ಕೇಳಿ ಆ ತಾಯಂದಿರಿಗೆ ಸಾಕಾಗಿದೆ.